ಕ್ಯಾಸನೂರು ಕಾಡಿನ ಜ್ವರ

ಸೊರಬ ಸೀಮೆಯ ಜನರ ಮಾತಿನಲ್ಲಿ ಕಾಡು ಬೇರೆ, ಕಾನು ಬೇರೆ. ಬೇಸಗೆ ಬಂದೊಡನೆ ಎಲೆಯುದುರಿಸಿ ಬಿಸಿಲಿಗೆ ಮೈಯೊಡ್ಡಿ ನಿಲ್ಲುವ ಮರಗಳ ಹರಹು ಕಾಡು. ವರ್ಷದ ಹನ್ನೆರಡು ತಿಂಗಳೂ ಹಸುರು ಮಾಸದೆ, ನಡುಹಗಲಿನಲ್ಲಿಯೂ ಮಬ್ಬುಗತ್ತಲೆಯನ್ನು ಕಾಪಿಟ್ಟುಕೊಂಡು, ಒಡಲಿನಲ್ಲಿ ನೀರಿನ ಒರತೆಯನ್ನೂ ಮರಮರದ ಮೇಲೆ ಮೆಣಸಿನ ಬಳ್ಳಿಯನ್ನೂ ನಡುವೆ ಒಬ್ಬ ದೇವತೆಯನ್ನೂ ಇರಿಸಿಕೊಂಡಿರುವುದು ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಈ ಒಂದು ತಾಲ್ಲೂಕಿನ ಕಾನುಗಳನ್ನು ಕುರಿತೇ ಪ್ರತ್ಯೇಕವಾದ ವರದಿಯೊಂದನ್ನು ಸರ್ಕಾರಕ್ಕೆ ಒಪ್ಪಿಸಿದರೆಂದಮೇಲೆ, ಅವುಗಳ ಮಹತ್ತ್ವವನ್ನು ಪರದೇಶದವರೂ ಕಂಡುಕೊಂಡಿದ್ದರೆಂದು ಹೇಳಬೇಕು. ಇಲ್ಲಿ ಅರಣ್ಯವೂ ಗ್ರಾಮವೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತವಲ್ಲ. ಗದ್ದೆಯ ಕೋಗು ಮುಗಿದಲ್ಲಿ ಅಡಕೆಯ ತೋಟ, ತೋಟದ ನೆತ್ತಿಯಲ್ಲಿ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆಗೆ ಅಡವಿ. ಇವಿಷ್ಟನ್ನೂ ದಿನಕ್ಕೆರಡು ಬಾರಿ ದಾಟಿ ಮೇದು ಬರುವ ದನಗಳು. ಈ ಹೊಲಿಗೆ ಎಷ್ಟು ಶತಮಾನಗಳದೋ ತಿಳಿಯದು. ಆದರೆ ಅದರ ಒಂದು ಎಳೆ ಯಾವಾಗ ಕಿತ್ತುಬಂದಿತೆಂಬುದಕ್ಕೆ ಮಾತ್ರ ನಮಗೆ ಒಂದು ವರ್ಷದ ಗುರುತು ಉಂಟು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹರಿದು ಹಂಚಿಹೋಗಿದ್ದ ಪ್ರಾಂತಗಳು ವಿಶಾಲ ಮೈಸೂರಿನಲ್ಲಿ ಕೂಡಿಕೊಂಡ ಆ ಸಂತೋಷದ ಬೆನ್ನಿಗೇ ಬಂದ 1957ರ ಮೊದಲ ತಿಂಗಳುಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ಸಾಗರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಮುಖ್ಯವಾಗಿ ಕ್ಯಾಸನೂರೆಂಬ ಊರಿನ ಹೆಸರನ್ನು ಹೊತ್ತ ಅಡವಿಯ ಆಸುಪಾಸಿನಲ್ಲಿ, ಜನರು ಒಂದು ವಿಚಿತ್ರವಾದ ಜ್ವರದಿಂದ ನೆಲಹಿಡಿಯತೊಡಗಿದರು. ಬೆಳಗ್ಗೆ ಸೌದೆಯ ಹೊರೆ ಹೊತ್ತು ಬಂದವನು ಸಂಜೆಗೆ ಚಳಿ ನಡುಕದಿಂದ ಮುದುರಿ ಮಲಗುವನು. ಹಣೆಯೊಡೆದುಹೋಗುವಂತಹ ತಲೆನೋವು, ಸೊಂಟದಲ್ಲಿಯೂ ಮೀನಖಂಡಗಳಲ್ಲಿಯೂ ಮುಟ್ಟಗೊಡದ ವೇದನೆ, ಕೆಂಡದಂತೆ ಕೆಂಪಡರಿದ ಕಣ್ಣು. ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ನೆತ್ತರು ಒಸರುವುದು, ಕೆಲವರಿಗೆ ಮಲದಲ್ಲಿ ಹೋಗುವುದು. ವಾರವೊಂದು ಕಳೆದು ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರೆಳೆದ ಮೇಲೆ, ಮತ್ತೊಂದೆರಡು ವಾರಗಳಲ್ಲಿ ಅದು ಕೆಲವರಿಗೆ ಮರುಕಳಿಸಿ, ಈ ಬಾರಿ ಮಿದುಳಿಗೇರಿ, ಕೈನಡುಗಿಸಿ ಮಾತನ್ನು ತಡವರಿಸುವಂತೆ ಮಾಡುವುದು. ಆ ಮೊದಲ ಋತುವಿನಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 466 ಮಂದಿ. ರೋಗ ಹಿಡಿದವರಲ್ಲಿ ನೂರಕ್ಕೆ ಮೂವರಿಂದ ಹತ್ತು ಮಂದಿಯವರೆಗೆ ಸಾಯುವರೆಂಬುದು ಮುಂದಿನ ವರ್ಷಗಳ ಅನುಭವದಿಂದ ತಿಳಿದುಬಂದ ಸಂಗತಿ.

ಮೊದಲು ಇದನ್ನು ವಿಷಮಶೀತಜ್ವರದ ಜಾತಿಯದೆಂದೇ ಭಾವಿಸಿದರು. ಕೆರೆಯ ನೀರು, ಬಾವಿಯ ನೀರು ಶಂಕೆಗೊಳಗಾದವು. ಆದರೆ ಹಳ್ಳಿಯವರು ಹೇಳುತ್ತಿದ್ದ ಮಾತು ಬೇರೆ. ಮನುಷ್ಯರು ಮಲಗುವುದಕ್ಕೆ ಮೊದಲೇ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಎಂದು ಅವರೆಂದರು. ಕರಿಮೋರೆಯ ಮುಸುವಗಳು ಕೊಂಬೆಯ ಮೇಲೆ ಹಿಡಿತ ಸಡಿಲಿ ಕೆಳಗುರುಳುತ್ತಿದ್ದವು. ಕೆಂಪು ಕೋತಿಗಳು ಕಾಲುದಾರಿಯ ಬದಿಯಲ್ಲಿಯೇ ಸತ್ತುಬಿದ್ದಿರುತ್ತಿದ್ದವು. ವಿಜ್ಞಾನಕ್ಕೆ ಕೈಹಿಡಿದು ದಾರಿ ತೋರಿಸಿದುದು ಅಕ್ಷರ ಕಲಿಯದ ಆ ಜನರ ಈ ಒಂದು ಅವಲೋಕನ. ಅವರು ಇಟ್ಟ ಹೆಸರೇ ಇಂದಿಗೂ ನಾಡಿನ ಬಾಯಲ್ಲಿ ನಿಂತಿದೆ: ಮಂಗನ ಕಾಯಿಲೆ. ಕೆನ್ನೆಯೂದಿಸಿ ಮಕ್ಕಳನ್ನು ಕಾಡುವ ಮಂಗನಬಾವು ಬೇರೆಯದು. ಅಲ್ಲಿ ಮುಖದ ಹೋಲಿಕೆಯಷ್ಟೇ ಹೆಸರಿಗೆ ಕಾರಣ. ಇಲ್ಲಿಯಾದರೋ ಮಂಗ ನಿಜವಾಗಿಯೂ ಜೊತೆಯ ರೋಗಿ.

ಮಂಗಗಳು ಸಾಯುತ್ತಿವೆಯೆಂಬ ವಾರ್ತೆ ಪುಣೆಗೆ ಮುಟ್ಟಿದಾಗ ಅಲ್ಲಿ ಹುಟ್ಟಿದ ಕಳವಳ ಸಾಮಾನ್ಯವಾದುದಲ್ಲ. 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೂಡಿ ಅಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ದಕ್ಷಿಣ ಅಮೆರಿಕದ ಮಹಾರಣ್ಯಗಳಲ್ಲಿ ಹಳದಿಜ್ವರವು ಊರಿಗೆ ಕಾಲಿಡುವ ಮುನ್ನ ಕಪಿಗಳನ್ನು ಕೊಲ್ಲುವುದೆಂಬುದನ್ನು ಆ ಪ್ರತಿಷ್ಠಾನದವರು ಬಹುಕಾಲದಿಂದ ಬಲ್ಲರು. ಹಳದಿಜ್ವರ ಭಾರತಕ್ಕೆ ಎಂದೂ ಬಂದುದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಮನೆಮನೆಯ ನೀರಿನ ತೊಟ್ಟಿಯಲ್ಲಿಯೂ ಉಂಟು, ಅದನ್ನು ತಡೆಯುವ ಶಕ್ತಿಯೋ ನಮ್ಮ ಜನರ ರಕ್ತದಲ್ಲಿ ಇಲ್ಲ. ಬಂದುದು ಅದೇ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಮನಸ್ಸು ಹಿಂಜರಿಯುತ್ತದೆ. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಮಾರ್ಚ್ ತಿಂಗಳಿನ ಹೊತ್ತಿಗೆ ಮಲೆನಾಡಿಗೆ ಧಾವಿಸಿದುದು ಈ ಭಯದಿಂದ.

ಸತ್ತ ಮಂಗಗಳ ಅಂಗಾಂಶಗಳನ್ನೂ ರೋಗಿಗಳ ರಕ್ತವನ್ನೂ ಮಂಜುಗಡ್ಡೆಯಲ್ಲಿರಿಸಿ ಪುಣೆಗೆ ಒಯ್ದರು. ಅಲ್ಲಿ ಅವನ್ನು ಎಳೆಯ ಬಿಳಿಯಿಲಿಗಳ ಮಿದುಳಿಗೆ ಚುಚ್ಚಿ ಕಾದರು. ಇಲಿಗಳು ಸತ್ತವು, ವೈರಸ್ ಕೈಗೆ ಸಿಕ್ಕಿತು, ಆದರೆ ಅದು ಹಳದಿಜ್ವರದ್ದಾಗಿರಲಿಲ್ಲ. ಅದರ ನಿಕಟಬಂಧುಗಳು ಕಂಡುಬಂದುದು ಯಾರೂ ನಿರೀಕ್ಷಿಸದ ದಿಕ್ಕಿನಲ್ಲಿ, ಸೈಬೀರಿಯದ ಹಿಮಾವೃತವಾದ ಅರಣ್ಯಗಳಲ್ಲಿ. 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿ ರಷ್ಯದ ಪೂರ್ವದಂಚಿಗೆ ಹೋಗಿ, ಮರಕಡಿಯುವವರನ್ನೂ ಸೈನಿಕರನ್ನೂ ವಸಂತಕಾಲದಲ್ಲಿ ಕಾಡುತ್ತಿದ್ದ ಮಿದುಳುಜ್ವರವೊಂದು ಉಣುಗಿನ ಕಡಿತದಿಂದ ಬರುವುದೆಂದು ಕಂಡುಹಿಡಿದಿದ್ದನು. (ಆ ಮಹೋಪಕಾರಕ್ಕೆ ಅವನಿಗೆ ದೊರೆತುದು ಆ ವರ್ಷವೇ ಸ್ಟಾಲಿನ್ನನ ಸೆರೆಮನೆ, ಇದನ್ನು ನೆನೆಯದೆ ಮುಂದೆ ಹೋಗುವುದು ನನ್ನಿಂದಾಗದು.) ಆ ಕುಲದ ವೈರಸ್ಸೊಂದು ಹಿಮವನ್ನೇ ಕಾಣದ ಸೊರಬದ ಅಡವಿಯಲ್ಲಿ ಏನು ಮಾಡುತ್ತಿತ್ತು?

ಈ ವೈರಸ್ಸಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಮರ, ಮಂಗ, ಮನುಷ್ಯರೆಲ್ಲರೂ ತಮ್ಮ ವಂಶದ ಲಿಖಿತವನ್ನು ಡಿಎನ್‌ಎ ಎಂಬ ಜೋಡಿಯೆಳೆಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಒಂದೆಳೆ ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಿಕೊಳ್ಳುವ ಅನುಕೂಲ ಅದರಲ್ಲುಂಟು. ಕ್ಯಾಸನೂರಿನ ವೈರಸ್ಸಿಗೆ ಇರುವುದು ಆರ್‌ಎನ್‌ಎಯ ಒಂಟಿ ಎಳೆ. ಮನುಷ್ಯನ ಲಿಖಿತದಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ ಇರುವುವು ಸುಮಾರು 11,000. ಜೀವಕೋಶದೊಳಗೆ ನುಗ್ಗಿದೊಡನೆ ಆ ಎಳೆಯನ್ನು ಕೋಶವು ತನ್ನದೇ ಆಜ್ಞೆಯೆಂದು ಓದಿಕೊಂಡು, ಅದು ಹೇಳಿದಂತೆ ಹೊಸ ವೈರಸ್ಸುಗಳನ್ನು ಕಟ್ಟಿಕೊಡುತ್ತದೆ. ಪ್ರತಿಯೆತ್ತುವಾಗ ತಪ್ಪುಗಳಾದರೆ ತಿದ್ದುವವರಿಲ್ಲ. ಆ ತಪ್ಪುಗಳಲ್ಲಿ ಹಲವು ವೈರಸ್ಸಿಗೇ ಮಾರಕ, ಒಂದೆರಡು ಅದಕ್ಕೆ ಹೊಸ ಬಾಗಿಲನ್ನು ತೆರೆದುಕೊಡುತ್ತವೆ. ದಡಾರ, ಪೋಲಿಯೊ, ಹುಚ್ಚುನಾಯಿಯ ರೋಗ, ಡೆಂಗಿ, ಮೊನ್ನೆಯ ಕೋವಿಡ್ ಎಲ್ಲವೂ ಆರ್‌ಎನ್‌ಎ ವೈರಸ್ಸುಗಳ ಕೃತ್ಯ. ಆ 1957ರ ಮೇ ತಿಂಗಳಿನಲ್ಲಿಯೇ, ಕ್ಯಾಸನೂರಿನಲ್ಲಿ ಜ್ವರದ ಋತು ಮುಗಿಯುತ್ತಿದ್ದ ಹೊತ್ತಿಗೆ, ಸಿಂಗಪುರದಿಂದ ಮದ್ರಾಸಿಗೆ ಬಂದ ಹಡಗಿನಲ್ಲಿ ಏಷ್ಯದ ಇನ್‌ಫ್ಲುಯೆಂಜವೂ ಭಾರತಕ್ಕೆ ಇಳಿಯಿತು. ಅದೂ ಆರ್‌ಎನ್‌ಎ ವೈರಸ್ಸೇ. ಅದು ಕೆಮ್ಮಿನಿಂದ ಕೆಮ್ಮಿಗೆ ಹಾರಿ ಕೆಲವೇ ವಾರಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಕ್ಯಾಸನೂರಿನದು ಹಾಗೆ ಸುತ್ತಲಿಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಹಣೆಗೆ ಬಟ್ಟೆ ಹಾಕಿದ ತಾಯಿಗೆ ಅದು ಅಂಟುವುದಿಲ್ಲ. ವೈರಸ್ಸಿನ ದೃಷ್ಟಿಯಿಂದ ಮನುಷ್ಯನು ಒಂದು ಕುರುಡು ಓಣಿ. ಅವನೊಳಗೆ ಹೊಕ್ಕುದು ಅಲ್ಲಿಯೇ ಮುಗಿಯುತ್ತದೆ. ಅಂದಮೇಲೆ ಅದು ಬದುಕಿರುವುದು ಬೇರೆಲ್ಲಿಯೋ.

ಅದು ಬದುಕಿರುವುದು ಉಣುಗಿನಲ್ಲಿ. ಮಲೆನಾಡಿನವನಿಗೆ ಉಣುಗನ್ನು ವರ್ಣಿಸಿ ಹೇಳಬೇಕಾಗಿಲ್ಲ. ದನದ ಕಿವಿಯಿಂದ, ನಾಯಿಯ ಕುತ್ತಿಗೆಯಿಂದ, ತನ್ನ ಸೊಂಟದಿಂದ ಅದನ್ನು ಕಿತ್ತು ಬಿಸಾಡದ ಬಾಲ್ಯ ಅಲ್ಲಿ ಯಾರದೂ ಇಲ್ಲ. ಆದರೆ ಈ ರೋಗಕ್ಕೆ ಮೂಲವಾದುದು ದನದ ಮೈಮೇಲೆ ಹುಣಸೆಬೀಜದಂತೆ ಊದಿ ಕಾಣುವ ದೊಡ್ಡ ಉಣುಗಲ್ಲ, ಅದರ ಬಾಲ್ಯಾವಸ್ಥೆ. ಹೀಮಾಫೈಸಾಲಿಸ್ ಸ್ಪಿನಿಜೆರ ಎಂದು ಶಾಸ್ತ್ರಜ್ಞರು ಕರೆಯುವ ಈ ಜೀವಿಗೆ ಮೊಟ್ಟೆಯಿಂದಾಚೆಗೆ ಮೂರು ಅವಸ್ಥೆಗಳು; ಒಂದೊಂದು ಅವಸ್ಥೆಯಲ್ಲಿ ಒಂದೇ ಒಂದು ರಕ್ತದೂಟ. ಆರು ಕಾಲಿನ ಮರಿ ಮಳೆಗಾಲ ಹಿಂಜರಿದ ಮೇಲೆ ಕಾಡಿಲಿಯನ್ನೋ ನೆಲದ ಹಕ್ಕಿಯನ್ನೋ ಹಿಡಿಯುತ್ತದೆ. ಉಂಡು, ಕಳಚಿ ಬಿದ್ದು, ಪೊರೆ ಬಿಟ್ಟು ಎಂಟು ಕಾಲಿನದಾಗಿ, ಡಿಸೆಂಬರಿನಿಂದ ಬೇಸಗೆಯವರೆಗೆ ಒಣಗಿದ ಎಲೆಯ ಅಂಚಿನಲ್ಲಿ ಮುಂಗಾಲುಗಳನ್ನೆತ್ತಿ ಕಾಯುತ್ತ ಕುಳಿತಿರುತ್ತದೆ. ಎಳ್ಳಿನ ಕಾಳಿಗಿಂತ ಚಿಕ್ಕದಾದ ಈ ಎರಡನೆಯ ಅವಸ್ಥೆಯದೇ ಮಂಗವನ್ನೂ ಮನುಷ್ಯನನ್ನೂ ಕಚ್ಚುವುದು. ಕಚ್ಚಿದುದು ಎಷ್ಟೋ ಮಂದಿಗೆ ಅರಿವಿಗೇ ಬರುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಬಲಿತ ಉಣುಗು ದನವನ್ನೋ ಕಾಡುಪ್ರಾಣಿಯನ್ನೋ ಹತ್ತಿ, ಉಂಡು, ಮೊಟ್ಟೆಯಿಡುತ್ತದೆ. ಒಂದು ಅವಸ್ಥೆಯಲ್ಲಿ ಒಳಹೊಕ್ಕ ವೈರಸ್ಸು ಪೊರೆ ಕಳಚಿದರೂ ಕಳಚದೆ ಮುಂದಿನ ಅವಸ್ಥೆಗೆ ಸಾಗುತ್ತದೆ.

ಸಾಗರದಲ್ಲಿ ಪುಣೆಯ ಕೇಂದ್ರದವರು ಒಂದು ಕ್ಷೇತ್ರಶಾಖೆಯನ್ನು ತೆರೆದು ವರ್ಷಗಟ್ಟಲೆ ನೆಲೆಸಿದರು. ಅವರು ಉಣುಗನ್ನು ಹಿಡಿಯುತ್ತಿದ್ದ ಬಗೆ ಬಲು ಸರಳವಾದುದು. ಕೋಲಿಗೆ ಕಟ್ಟಿದ ಬಿಳಿಯ ಫ್ಲಾನೆಲ್ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುವುದು, ಕೆಲವು ಹೆಜ್ಜೆಗಳಿಗೊಮ್ಮೆ ನಿಂತು ಬಟ್ಟೆಯನ್ನು ಮಗುಚಿ, ಅದರ ನವಿರಿಗೆ ಕಾಲು ಸಿಕ್ಕಿಕೊಂಡು ಹರಿದಾಡುವ ಕಂದುಬಣ್ಣದ ಚುಕ್ಕೆಗಳನ್ನು ಚಿಮಟದಿಂದ ಹೆಕ್ಕಿ ಗಾಜಿನ ನಳಿಗೆಯೊಳಗೆ ಹಾಕುವುದು, ಮತ್ತೆ ಎಳೆಯುವುದು. ಕಾನಿನೊಳಗೆ, ಕಾಡಿನ ಅಂಚಿನಲ್ಲಿ, ದನದ ದಾರಿಯಲ್ಲಿ, ಮಂಗ ಬಿದ್ದ ಜಾಗದಲ್ಲಿ, ಋತುವಿನ ಮೇಲೆ ಋತುವಾಗಿ ಇದು ನಡೆಯಿತು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಣ ನೆಲವನ್ನೆಲ್ಲ ವಿಷಮಯವಾಗಿ ಮಾಡುತ್ತವೆಂಬ ತಿಳಿವಳಿಕೆ ಬಂದುದು ಈ ಬಟ್ಟೆಯಿಂದ. ಇಂದು ಮಂಗ ಸತ್ತಲ್ಲಿ ಸುತ್ತಲೂ ಐವತ್ತು ಮೀಟರಿನಷ್ಟು ದೂರ ಮೆಲಾಥಿಯಾನ್ ಪುಡಿಯನ್ನು ಎರಚುವ ಪದ್ಧತಿಗೆ ಆಧಾರವೂ ಅದೇ. ಇದರ ಬೆಲೆಯನ್ನು ದುಡಿದವರು ತಮ್ಮ ಮೈಯಿಂದಲೇ ತೆತ್ತರು. ಪ್ರಯೋಗಶಾಲೆಯಲ್ಲಿಯೂ ಹೊರಗೂ ಕೆಲಸಮಾಡುತ್ತಿದ್ದ ಹಲವರಿಗೆ ಈ ಜ್ವರ ಬಂದಿತು.

ಸಾಗರಕ್ಕೆ ಬಂದವರಲ್ಲಿ ಕೊಲಂಬಿಯ ದೇಶದ ಹೊರ್ಹೆ ಬೊಷೆಲ್ ಒಬ್ಬರು. ತಮ್ಮ ನಾಡಿನಲ್ಲಿ ಹಳದಿಜ್ವರವನ್ನು ಅಭ್ಯಸಿಸುತ್ತಿದ್ದಾಗ, ಮರಕಡಿಯುವವರು ಹೆಮ್ಮರವನ್ನು ಕೆಡಹಿದೊಡನೆ ನೆತ್ತಿಯ ಹಂದರದಲ್ಲಿದ್ದ ನೀಲಿ ಸೊಳ್ಳೆಗಳು ಅದರೊಡನೆ ಕೆಳಗಿಳಿದು ಮುತ್ತುವುದನ್ನು ಕಂಡು, ಊರಿನ ಸೊಳ್ಳೆಯೇ ಇಲ್ಲದ ಕಾಡಿನಲ್ಲಿ ಆ ಜ್ವರ ಹೇಗೆ ಬರುವುದೆಂಬ ಒಗಟನ್ನು ಒಡೆದವರು ಇವರು. ಮಲೆನಾಡಿನಲ್ಲಿಯೂ ಅವರ ದೃಷ್ಟಿ ಮರ ಬಿದ್ದ ಜಾಗದ ಮೇಲೆಯೇ ನಿಂತಿತು. 1969ರಲ್ಲಿ ಅವರು ಪ್ರಕಟಿಸಿದ ವಿಚಾರ ಹೀಗೆ: ಈ ವೈರಸ್ಸು ಅಡವಿಯೊಳಗೆ ಸಣ್ಣ ಪ್ರಾಣಿಗಳಿಗೂ ಉಣುಗುಗಳಿಗೂ ನಡುವೆ ಸದ್ದಿಲ್ಲದೆ ತಿರುಗಾಡಿಕೊಂಡಿತ್ತು. ಜನ ಹೆಚ್ಚಿ, ಕಾಡನ್ನು ತುಂಡುತುಂಡಾಗಿ ಕಡಿದು, ಆ ತುಂಡುಗಳ ಅಂಚಿನಲ್ಲಿ ಪೊದೆ ಬೆಳೆದು, ಆ ಪೊದೆಯಲ್ಲಿ ದನ ಮೇಯತೊಡಗಿದಾಗ, ಬಲಿತ ಉಣುಗಿಗೆ ಎಂದೂ ದೊರೆಯದಿದ್ದ ಸಮೃದ್ಧವಾದ ಊಟ ದೊರೆಯಿತು, ಉಣುಗು ಲೆಕ್ಕವಿಲ್ಲದಷ್ಟಾಯಿತು, ಅದೇ ಅಂಚಿನಲ್ಲಿ ಮಂಗವೂ ಮನುಷ್ಯನೂ ಸೇರುತ್ತಿದ್ದರು. ದನಕ್ಕೆ ರೋಗ ಬರುವುದಿಲ್ಲ. ಅದು ಉಣುಗನ್ನು ಸಾಕುತ್ತದೆ, ಅಷ್ಟೇ. ಅಡವಿಯ ನಟ್ಟನಡುವೆ ಅಲ್ಲ, ಊರಿನ ನಡುವೆಯೂ ಅಲ್ಲ, ಎರಡೂ ಹರಿದು ಕೂಡಿದ ಆ ಸೆರಗಿನಲ್ಲಿ ರೋಗ ಹುಟ್ಟಿತು. ಈ ವಿಚಾರವನ್ನು ಓದುವಾಗ, ಆ ಕಾಲದಲ್ಲಿಯೇ ಸಾಗರ ಸೀಮೆಯಲ್ಲಿ ಶರಾವತಿಗೆ ಲಿಂಗನಮಕ್ಕಿಯ ಕಟ್ಟೆ ಏಳುತ್ತಿದ್ದುದನ್ನೂ, 1964ರಲ್ಲಿ ಅದು ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಾಡುಗಳ ಅಂಚಿಗೆ ಹೋಗಿ ನೆಲೆ ಹೂಡಿದುದನ್ನೂ ನೆನೆಯದಿರುವುದು ಕಷ್ಟ.

ಹಕ್ಕಿಗಳು ಇದನ್ನು ಸೈಬೀರಿಯದಿಂದ ಹೊತ್ತು ತಂದವೇ ಎಂಬ ಪ್ರಶ್ನೆಯೂ ಎದ್ದಿತು. ಚಳಿಗಾಲಕ್ಕೆ ಉತ್ತರದಿಂದ ಬರುವ ಪಕ್ಷಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿಯನ್ನು ತಿಳಿಯುವ ದೊಡ್ಡ ಕಾರ್ಯವನ್ನು ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೊಂಡುದಕ್ಕೆ ಇದು ಒಂದು ಕಾರಣವಾಯಿತು. ಪಕ್ಷಿಶಾಸ್ತ್ರಕ್ಕೆ ಅದರಿಂದ ಬಹಳ ಲಾಭವಾಯಿತು. ಆದರೆ ಹಕ್ಕಿಗಳ ಅಪರಾಧ ಸಿದ್ಧವಾಗಲಿಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಇದರ ಸೋದರನೇ ಎನ್ನಬಹುದಾದ ಅಲ್‌ಖುರ್ಮ ವೈರಸ್ ಕಂಡುಬಂದಿತು. ಇವೆರಡೂ ಯಾವಾಗ ಅಗಲಿದವೆಂಬುದಕ್ಕೆ ಒಬ್ಬರ ಗಣನೆ ದಶಕಗಳನ್ನು ಹೇಳಿದರೆ ಇನ್ನೊಬ್ಬರದು ಶತಮಾನಗಳನ್ನು ಹೇಳುತ್ತದೆ. ನನಗೆ ಶತಮಾನಗಳೇ ಹೆಚ್ಚು ಯುಕ್ತವೆಂದು ತೋರುತ್ತದೆ. ಹೊರಗಿನಿಂದ ಬಂದುದೆಂಬ ಊಹೆಯಲ್ಲಿ ಒಂದು ಸಮಾಧಾನವುಂಟು, ಆದರೆ ಕಾನಿನ ಇಲಿ ಉಣುಗುಗಳ ನಡುವೆ ಅದು ಅಷ್ಟು ನೆಮ್ಮದಿಯಿಂದ ಒಕ್ಕಲಾಗಿರುವುದನ್ನು ನೋಡಿದರೆ ಅದು ನಿನ್ನೆ ಬಂದ ನೆಂಟನಂತೆ ಕಾಣುವುದಿಲ್ಲ.

ಯಾರಿಗೆ ಬಂದಿತು ಈ ರೋಗ? ಡಿಸೆಂಬರ್ ಕಳೆದು ಮರಗಳು ಎಲೆಯುದುರಿಸತೊಡಗಿದೊಡನೆ ಮಲೆನಾಡಿನಲ್ಲಿ ದರಕು ತರುವ ಕೆಲಸ ಮೊದಲಾಗುತ್ತದೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು, ಗೊಬ್ಬರಕ್ಕೆ, ತೋಟದ ಬುಡಕ್ಕೆ ಒಣಗಿದೆಲೆ ಬೇಕು. ಹೆಂಗಸರು ನಸುಕಿನಲ್ಲಿಯೇ ಹೊರಟು, ಗುಡಿಸಿ ರಾಶಿಹಾಕಿ, ಎತ್ತರದ ಬುಟ್ಟಿಗೆ ತುಂಬಿ, ಬುಟ್ಟಿಯೊಳಗೆ ಕಾಲಿಟ್ಟು ತುಳಿದು ಅದುಮಿ, ಮತ್ತೆ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಎಲೆಯ ಚೂರು ಕತ್ತಿನಲ್ಲಿ, ಕುಪ್ಪಸದಲ್ಲಿ, ತುರುಬಿನಲ್ಲಿ ಉದುರುತ್ತದೆ. ಎಲೆಯೊಡನೆ ಉಣುಗೂ ಬರುತ್ತದೆ. ಉಣುಗಿನ ಎರಡನೆಯ ಅವಸ್ಥೆಯ ಋತುವೂ ದರಕಿನ ಋತುವೂ ತಿಂಗಳಿಗೆ ತಿಂಗಳು ಒಂದೇ. ಸೌದೆಯವನು, ದನಗಾಹಿ, ಸೊಪ್ಪು ಕಡಿಯುವ ಕೂಲಿಯವನು, ಇಂಥವರ ರೋಗವಿದು. ನೆರಳಿನಲ್ಲಿ ಕುಳಿತು ಅಡಕೆಯ ಧಾರಣೆಯ ಲೆಕ್ಕ ಬರೆಯುವವನಿಗೆ ಇದು ಬರುವುದು ವಿರಳ. ಕಾಡಿಗೆ ಹೋಗಬೇಡಿರೆಂದು ಇವರಿಗೆ ಉಪದೇಶಿಸುವುದು ಉಣ್ಣಬೇಡಿರೆಂದು ಹೇಳಿದಂತೆಯೇ.

ಘಟ್ಟದ ಮೇಲಿನ ಕಥೆ 1983ರ ಸುಮಾರಿಗೆ ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಇನ್ನೂ ಘೋರವಾಗಿ ನಡೆಯಿತು. ನಿಡ್ಲೆಯ ಕಡೆ ಗೇರುತೋಟಕ್ಕೆಂದು ಕಾಡನ್ನು ಸವರಿದ ಮೇಲೆ ಮಂಗಗಳು ಸತ್ತವು, ಬಳಿಕ ಮನುಷ್ಯರು. ಆ ದಿನಗಳಲ್ಲಿ ಅಲ್ಲಿದ್ದ ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು 1987ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ರೋಗವೆಂದೇ ಕರೆದರು. ಮರ ಕಡಿದುದರಿಂದ ಭೂತಗಳು ಮುನಿದುವೆಂದು ನಂಬುವ ತುಳುನಾಡಿನ ಮನಸ್ಸಿಗೂ, ಕಾಡಿನ ಅಂಚೇ ರೋಗದ ತವರೆಂದ ಬೊಷೆಲ್ಲರ ವಿಚಾರಕ್ಕೂ ಭಾಷೆ ಬೇರೆ; ಎರಡೂ ಬೆರಳು ಮಾಡಿ ತೋರಿಸುವುದು ಆ ಕಡಿದ ಮರದ ಬುಡವನ್ನೇ.

ಚಿಕಿತ್ಸೆಯ ಇತಿಹಾಸ ಅಷ್ಟು ದೀರ್ಘವಾದುದಲ್ಲ. ರಷ್ಯದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಮೊದಲು ತರಿಸಿ ಹಾಕಿ ನೋಡಿದರು, ಫಲಿಸಲಿಲ್ಲ. ಅನಂತರ ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ಅದು ತಯಾರಾಗಿ ಮಲೆನಾಡಿಗೆ ಬರುತ್ತಿತ್ತು. ಎರಡು ಚುಚ್ಚುಮದ್ದು, ಮೇಲೆ ಮತ್ತೆ ಮತ್ತೆ ಪುನಶ್ಚುಚ್ಚುಮದ್ದು, ತೋಳು ಊದಿಕೊಳ್ಳುವ ನೋವು. ಇಷ್ಟಾಗಿಯೂ ರಕ್ಷಣೆ ಬೇಗನೆ ಕುಂದುತ್ತಿತ್ತು. ಅದರ ಬಲ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದನ್ನು ಸಿದ್ಧಪಡಿಸುವ ಯತ್ನ ನಡೆದಿದೆ. ರೋಗವನ್ನೇ ಹಿಡಿದು ಕೊಲ್ಲುವ ಔಷಧ ಇಲ್ಲ. ನೀರಿಳಿಸಿ, ರಕ್ತ ಕೊಟ್ಟು, ಜ್ವರ ತಗ್ಗಿಸಿ, ರೋಗಿಯ ಮೈಯೇ ಗೆಲ್ಲಲೆಂದು ಕಾಯಬೇಕು. ಹೊಸ ಲಸಿಕೆ ಬರುವವರೆಗೆ ಕೈಕಾಲಿಗೆ ಸವರಿಕೊಳ್ಳಲು ಕೊಡುವ ಎಣ್ಣೆಯೇ ರಕ್ಷೆ. ಹಿಂದೆ ಡಿಎಂಪಿ ಎಣ್ಣೆ, ಈಗ ಡೇಪಾ ಎಣ್ಣೆ.

ಐವತ್ತು ವರ್ಷಗಳಿಗೂ ಮಿಗಿಲಾಗಿ ಕರ್ನಾಟಕದ ಕೆಲವೇ ಜಿಲ್ಲೆಗಳೊಳಗೆ ಇದ್ದ ರೋಗವು 2012ರಿಂದೀಚೆಗೆ ಬಂಡೀಪುರ, ವಯನಾಡು, ನೀಲಗಿರಿ, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. ಪಶ್ಚಿಮಘಟ್ಟದ ಬೆನ್ನೆಲುಬಿನುದ್ದಕ್ಕೂ ಅದು ಹಾಸಿಕೊಂಡಿತೆಂದೋ, ಮೊದಲೇ ಇದ್ದುದು ಈಗ ಕಣ್ಣಿಗೆ ಬಿದ್ದಿತೆಂದೋ ಹೇಳಬಹುದು. 2018ರ ಕೊನೆಯಲ್ಲಿ ಅದು ಹುಟ್ಟಿದ ಸೀಮೆಗೇ ಮರಳಿ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆಮನೆಯ ಬಾಗಿಲು ತಟ್ಟಿತು. ಅರುವತ್ತು ವರ್ಷಗಳ ಕೆಳಗೆ ಅಜ್ಜಿಯರು ಹೇಳಿದ್ದ ಮಾತನ್ನೇ ಮೊಮ್ಮಕ್ಕಳು ಮತ್ತೆ ಹೇಳಿದರು: ಮೊದಲು ಮಂಗ ಸತ್ತವು.

ಈ ಹೆಸರಿನಲ್ಲಿ ಮಂಗನಿಗೆ ಆಗಿರುವ ಅನ್ಯಾಯ ನನ್ನನ್ನು ಬಹುದಿನಗಳಿಂದ ಬಾಧಿಸಿದೆ. ಅದು ರೋಗವನ್ನು ತಂದುದಲ್ಲ. ನಮ್ಮಂತೆಯೇ ಅದೇ ಎಲೆಯಂಚಿನ ಹುಳುವಿನಿಂದ ಕಚ್ಚಿಸಿಕೊಂಡು, ನಮಗಿಂತ ಮೊದಲು, ನಮಗಿಂತ ಹೆಚ್ಚಾಗಿ ಸಾಯುತ್ತಿರುವುದು. ಸತ್ತು ತನ್ನ ಜಾಗವನ್ನು ತೋರಿಸಿ ಎಚ್ಚರಿಸುವುದೂ ಅದೇ. ನಮ್ಮ ನಾಡಿನ ಹಲವು ಊರುಗಳಲ್ಲಿ ಮಂಗ ಸತ್ತರೆ ಅದಕ್ಕೆ ಮೈತೊಳೆದು, ಕುಂಕುಮವಿಟ್ಟು, ಹೂಮಾಲೆ ಹಾಕಿ, ಭಜನೆಯೊಡನೆ ಹೊತ್ತೊಯ್ದು ಹನುಮಂತನ ಹೆಸರಿನಲ್ಲಿ ಮಣ್ಣುಮಾಡುವ ವಾಡಿಕೆಯುಂಟು. ಮಲೆನಾಡಿನ ಈ ಸೀಮೆಯಲ್ಲಿ ಇಂದು ಅದಕ್ಕೆ ಎಡೆಯಿಲ್ಲ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ ಎಂದು ಪಂಚಾಯಿತಿಯ ಗೋಡೆಯ ಮೇಲೆ ಬರೆದಿರುತ್ತದೆ. ಕೈಗವಸು, ಮುಖವಸ್ತ್ರ, ಮೊಣಕಾಲುದ್ದದ ಬೂಟು ತೊಟ್ಟವರು ಬಂದು, ಅಂಗಾಂಶದ ಮಾದರಿಯನ್ನು ತೆಗೆದುಕೊಂಡು, ಸೌದೆಯೊಟ್ಟಿ, ದೇಹವನ್ನು ಸುಟ್ಟು, ಸುತ್ತಲೂ ಬಿಳಿಯ ಪುಡಿಯನ್ನು ಎರಚುತ್ತಾರೆ. ಊರಿನವರು ಬೇಲಿಯಾಚೆ ನಿಂತು ನೋಡುತ್ತಾರೆ. ಹೊಗೆ ಮರಗಳ ನೆತ್ತಿಗೇರುವಾಗ ಅವರಲ್ಲಿ ಹಿರಿಯರಾದವರು ಕಾಲಿನ ಮೆಟ್ಟನ್ನು ಬಿಟ್ಟು, ಅಲ್ಲಿಂದಲೇ ಕೈಮುಗಿಯುತ್ತಾರೆ.